ತಾಲೀಮಿನ ಮಾತು: ರಂಗಪರಿಭಾಷೆಯಲ್ಲಿ ಕನ್ನಡ–ಮರಾಠಿಗಳ ಕೊಳುಕೊಡೆ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರು ನಾಟಕವಾಡುವಾಗ ರಂಗದ ಮೇಲೆ ನುಡಿಯುವುದು ಕನ್ನಡ. ರಂಗದ ಹಿಂದೆ ಸಲ್ಲುವ ಮಾತಾದರೋ ಒಂದೇ ಭಾಷೆಯದಲ್ಲ. ನಟರೊಡನೆ ಕನ್ನಡ, ದೀಪ–ಪರದೆಗಳನ್ನು ನೋಡಿಕೊಳ್ಳುವವರೊಡನೆ ಬಹುಮಟ್ಟಿಗೆ ಮರಾಠಿ, ಇವೆರಡರ ನಡುವೆ ಇಂಗ್ಲಿಷು. ಒಂದೇ ಶಬ್ದವು ಎರಡು ಭಾಷೆಗಳಲ್ಲಿ ಎರಡು ಅರ್ಥಗಳನ್ನು ತಾಳಿರುವಾಗ ತೊಡಕು ಸಹಜ. ಆದಕಾರಣ ಇಂಥ ಕೆಲವು ಶಬ್ದಗಳ ಹುಟ್ಟನ್ನೂ ಬಳಕೆಯನ್ನೂ ವಿಚಾರಿಸುವುದು ಉಚಿತವಾಗಿದೆ.

ಮೊದಲನೆಯದು ‘ತಾಲೀಮು’. ಶಿಕ್ಷಣವೆಂಬ ಅರ್ಥದ ಈ ಅರಬ್ಬೀ ಶಬ್ದವು ಮರಾಠಿಯಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಗರಡಿಯ ಸಾಧನೆಗೆ ಸಂದು, ಅಲ್ಲಿಂದ ನಾಟಕದ ಅಭ್ಯಾಸಕ್ಕೂ ಹೆಸರಾಯಿತು. ಇಂಗ್ಲಿಷಿನ ‘ರಿಹರ್ಸಲ್’ ಎಂಬುದರ ಮೂಲವೂ ಕುತೂಹಲಕರವೇ: ಹಳೆಯ ಫ್ರೆಂಚಿನಲ್ಲಿ ಅದಕ್ಕೆ ಹೊಲವನ್ನು ಮತ್ತೆ ಹರಗುವುದೆಂದು ಅರ್ಥ. ಒಂದು ಮಟ್ಟಿಯ ಮಾತು, ಇನ್ನೊಂದು ಮಣ್ಣಿನ ಮಾತು. ಪುನಃ ಪುನಃ ಮಾಡಿ ಹದಗೊಳಿಸುವುದೆಂಬ ಭಾವ ಎರಡಕ್ಕೂ ಸಮಾನ. ವೇಷ, ಬೆಳಕು, ಸಂಗೀತಗಳೊಡನೆ ನಡೆಯುವ ಕಡೆಯ ತಾಲೀಮನ್ನು ಮರಾಠಿಗರು ‘ರಂಗೀತ ತಾಲೀಮ್’ ಎನ್ನುತ್ತಾರೆ.

ಸಂಸ್ಕೃತದಿಂದ ಬಂದ ಶಬ್ದಗಳಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ‘ನೇಪಥ್ಯ’ಕ್ಕೆ ಸಂಸ್ಕೃತದಲ್ಲಿ ವೇಷ ಧರಿಸುವ ಕೋಣೆಯೆಂದೂ ವೇಷಭೂಷಣವೆಂದೂ ಎರಡರ್ಥ. ಕನ್ನಡದಲ್ಲಿ ಅದು ತೆರೆಯ ಮರೆ. ಇಂದಿನ ಮರಾಠಿಯಲ್ಲಿ ರಂಗಸಜ್ಜಿಕೆ. ‘ಎರಡನೆಯ ಪ್ರವೇಶ’ವೆಂದರೆ ಮರಾಠಿಗನಿಗೆ ಎರಡನೆಯ ದೃಶ್ಯ, ಕನ್ನಡಿಗನಿಗೆ ಪಾತ್ರವೊಂದು ಎರಡನೆಯ ಸಲ ರಂಗಕ್ಕೆ ಬರುವುದು. ಬೆಳಕಿನವನಿಗೆ ಈ ಭೇದ ತಿಳಿಯದಿದ್ದರೆ ದೀಪವು ಹೊತ್ತಲ್ಲದ ಹೊತ್ತಿನಲ್ಲಿ ಬೆಳಗೀತು! ‘ರಂಗಭೂಷಾ’ ಎಂಬುದು ರಂಗದ ಅಲಂಕಾರವಲ್ಲ, ಮುಖಕ್ಕೆ ಬಣ್ಣ ಹಚ್ಚುವ ಕೆಲಸ. ಕನ್ನಡದಲ್ಲಿ ಅದೇ ‘ಪ್ರಸಾಧನ’. ಮರಾಠಿಯ ‘ದಿಗ್ದರ್ಶಕ’ನೇ ನಮ್ಮ ‘ನಿರ್ದೇಶಕ’.

ಮಾತಿನ ಬಗೆಗಳಿಗೆ ನಾಟ್ಯಶಾಸ್ತ್ರವು ಕೊಟ್ಟ ಹೆಸರುಗಳು ಇಂದಿಗೂ ಉಪಯುಕ್ತ. ತನ್ನಲ್ಲಿ ತಾನೇ ಆಡಿಕೊಳ್ಳುವುದು ‘ಸ್ವಗತ’; ಎಲ್ಲರೂ ಕೇಳುವಂತೆ ಆಡುವುದು ‘ಪ್ರಕಾಶ’; ಬಳಿಯಲ್ಲಿರುವ ಇತರರಿಗೆ ಕೇಳದಂತೆ ತ್ರಿಪತಾಕ ಹಸ್ತದ ಮರೆಯಲ್ಲಿ ಆಡುವುದು ‘ಜನಾಂತಿಕ’; ರಂಗದಲ್ಲಿಲ್ಲದವನೊಡನೆ ಸಂಭಾಷಿಸುವುದು ‘ಆಕಾಶಭಾಷಿತ’. ದೂರವಾಣಿಯ ಸಂಭಾಷಣೆಯನ್ನು ಒಬ್ಬನೇ ಅಭಿನಯಿಸುವಾಗ ಇಂದಿನ ನಟನು ಮಾಡುವುದು ಈ ಆಕಾಶಭಾಷಿತವನ್ನೇ. ರಂಗದ ಎಡಬಲಗಳ ವಿಷಯದಲ್ಲಿ ಒಂದು ನಿಯಮವನ್ನು ನೆನಪಿಡಬೇಕು: ಅವು ಪ್ರೇಕ್ಷಕನವಲ್ಲ, ಪ್ರೇಕ್ಷಕರಿಗೆ ಎದುರಾಗಿ ನಿಂತ ನಟನವು.

ಈ ಕೊಳುಕೊಡೆಯಲ್ಲಿ ಕನ್ನಡವು ಬರಿಯ ಸಾಲಗಾರನಲ್ಲ. ವಾಶಿಯ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರಿದೆ. ಅವರು 1843ರಲ್ಲಿ ಸಾಂಗಲಿಯಲ್ಲಿ ‘ಸೀತಾಸ್ವಯಂವರ’ವನ್ನು ಆಡಿಸಿದುದಕ್ಕೆ ಕರ್ನಾಟಕದಿಂದ ಹೋದ ಭಾಗವತ ಮೇಳದ ಆಟವೇ ಪ್ರೇರಣೆ. ಯಕ್ಷಗಾನದಲ್ಲಿ ಭಾಗವತನು ಪದ ಹೇಳಿದರೆ ವೇಷಧಾರಿಯು ಆಶುವಾಗಿ ಅರ್ಥ ಹೇಳುವಂತೆ, ಭಾವೆಯವರ ಆಟದಲ್ಲಿ ಸೂತ್ರಧಾರನು ಪದ ಹಾಡುವನು, ಪಾತ್ರಗಳು ಸಮಯೋಚಿತವಾಗಿ ಮಾತು ಕಟ್ಟುವುವು. 1880ರಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ಸಂಗೀತ ನಾಟಕದ ಪ್ರಭಾವವು ಮುಂದೆ ಕನ್ನಡದ ವೃತ್ತಿ ಕಂಪನಿಗಳಿಗೆ ಮರಳಿ ಬಂತು. ಕೊಟ್ಟುದು ಬಡ್ಡಿಸಹಿತ ಹಿಂದಿರುಗಿತೆನ್ನಬೇಕು.

ಹೀಗಿರುವಾಗ ಮರಾಠಿ ಶಬ್ದವನ್ನು ಬಳಸಿದರೆ ಕನ್ನಡ ಕೆಟ್ಟೀತೆಂಬ ಭಯಕ್ಕೆ ಕಾರಣವಿಲ್ಲ. ಭಯಪಡತಕ್ಕದ್ದು ಬೇರೆಯಿದೆ. ಈ ಊರುಗಳಲ್ಲಿ ಬೆಳೆಯುತ್ತಿರುವ ಮಕ್ಕಳಲ್ಲಿ ಹಲವರಿಗೆ ಮನೆಯ ಕನ್ನಡ ಬರುತ್ತದೆ, ಕನ್ನಡ ಲಿಪಿ ಬಾರದು. ತಮ್ಮ ಪಾತ್ರದ ಮಾತನ್ನು ದೇವನಾಗರಿಯಲ್ಲೋ ರೋಮನ್ ಲಿಪಿಯಲ್ಲೋ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ರೋಮನ್ ಲಿಪಿಯ ರೂಢಿಯ ಬರಹದಲ್ಲಿ ‘ಹಲ್ಲಿ’ಯೂ ‘ಹಳ್ಳಿ’ಯೂ ಒಂದೇ. ಆ ಭೇದವನ್ನು ಕಿವಿಗೆ ಕೊಟ್ಟು ನಾಲಗೆಗೆ ತರುವ ಸ್ಥಳ ಶಾಲೆಯಲ್ಲ, ತಾಲೀಮಿನ ಕೋಣೆ. ಅಲ್ಲಿ ನಿರ್ದೇಶಕನು ‘ದೃಶ್ಯ’, ‘ಸ್ವಗತ’, ‘ನೇಪಥ್ಯ’ ಎಂದು ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಅದಕ್ಕೆ ಏನೆನ್ನುವರೆಂಬುದನ್ನೂ ತಿಳಿಸಿದರೆ ಎರಡು ಪ್ರಯೋಜನ: ನಾಟಕವು ತೊಡಕಿಲ್ಲದೆ ನಡೆದೀತು, ನಾಟಕ ಮುಗಿದ ಮೇಲೆಯೂ ಹತ್ತಾರು ಕನ್ನಡ ಶಬ್ದಗಳು ಮಕ್ಕಳ ಬಾಯಲ್ಲಿ ಉಳಿದಾವು.