ಅಂಗಳದ ಸ್ಪೀಕರ್: ತಪ್ಪು ಕಲ್ಪನೆ ಮತ್ತು ಸತ್ಯ

ಕೋಣೆಯಲ್ಲಿ ತುಂಬಿ ಕೇಳಿಸುವ ಸ್ಪೀಕರನ್ನು ಅಂಗಳಕ್ಕೆ ತಂದಿಟ್ಟರೆ ಅದರ ದನಿ ಸೊರಗುತ್ತದೆ. ಕೋಣೆಯಲ್ಲಿ ಸದ್ದು ಗೋಡೆ, ಸೂರು, ನೆಲಗಳಿಗೆ ಬಡಿದು ಮತ್ತೆ ಮತ್ತೆ ಕಿವಿಗೆ ಮರಳುತ್ತದೆ. ಬಯಲಿನಲ್ಲಿ ಹೊರಟ ಸದ್ದು ಹೊರಟೇ ಹೋಗುತ್ತದೆ. ಇದರ ಜೊತೆಗೆ ಬಿಸಿಲು, ಮಳೆ, ದೂಳು, ಇರುವೆ, ಪಕ್ಕದ ಮನೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹಾಗಾಗಿ ಹೊರಾಂಗಣದ ಸ್ಪೀಕರ್ ಆರಿಸುವಾಗ ಮೊದಲು ನೋಡಬೇಕಾದದ್ದು ಅದನ್ನು ಇಡುವ ಜಾಗವನ್ನು, ಆಮೇಲೆ ಪೆಟ್ಟಿಗೆಯನ್ನು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಈ ಜಾಗ ಒಂದೇ ಬಗೆಯದಲ್ಲ. ಕಲ್ಲು ಚಪ್ಪಡಿ ಹೊದಿಸಿದ ಹಳೆಯ ಜಗಲಿಗಳಿವೆ, ಹೆಂಚಿನ ಸೂರಿನ ಮನೆಗಳಿವೆ, ಪೇಟೆಯ 30×40 ಅಡಿ ಸೈಟಿನಲ್ಲಿ ಕಾಂಪೌಂಡಿಗೆ ಒತ್ತಿಕೊಂಡ ಪೋರ್ಟಿಕೊಗಳಿವೆ, ಮಾವಿನ ತೋಪಿನ ನಡುವೆ ತೋಟದ ಮನೆಯ ಅಗಲವಾದ ಅಂಗಳಗಳಿವೆ. ಒಂದಕ್ಕೆ ಒಪ್ಪುವ ಸ್ಪೀಕರ್ ಇನ್ನೊಂದಕ್ಕೆ ಒಪ್ಪಬೇಕೆಂದಿಲ್ಲ.

ತಪ್ಪು ಕಲ್ಪನೆ 1: ವಾಟ್ ಹೆಚ್ಚಿದಷ್ಟೂ ಸದ್ದು ಹೆಚ್ಚು

ಸತ್ಯ: ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವ ಪಿಎಂಪಿಒ ವಾಟ್ ಕ್ಷಣಮಾತ್ರದ ಗರಿಷ್ಠ ಅಂದಾಜು. ಅದನ್ನು ಅಳೆಯಲು ಎಲ್ಲರೂ ಒಪ್ಪಿದ ಕ್ರಮವಿಲ್ಲ. ಸ್ಪೀಕರ್ ಎಡೆಬಿಡದೆ ತಾಳಬಲ್ಲ ಶಕ್ತಿಯನ್ನು ಹೇಳುವುದು ಆರ್‌ಎಂಎಸ್ ವಾಟ್. ಆ ಅಂಕಿಯೂ ಸದ್ದಿನ ಅಳತೆಯಲ್ಲ. ವಾಟನ್ನು ಎರಡು ಪಟ್ಟು ಮಾಡಿದರೆ ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಅದು ಸಣ್ಣ ವ್ಯತ್ಯಾಸ. ಸದ್ದು ಎರಡು ಪಟ್ಟಾದಂತೆ ಅನ್ನಿಸಲು ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು.

ವಾಟಿಗಿಂತ ಮುಖ್ಯವಾದದ್ದು ಸೆನ್ಸಿಟಿವಿಟಿ. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬಲ್ ಸದ್ದು ಬರುತ್ತದೆ ಎಂಬುದನ್ನು ಅದು ತಿಳಿಸುತ್ತದೆ. 91 ಡೆಸಿಬಲ್ ಸೆನ್ಸಿಟಿವಿಟಿಯ ಸ್ಪೀಕರ್ 10 ವಾಟಿನಲ್ಲಿ ಕೊಡುವ ಸದ್ದನ್ನು ಕೊಡಲು 85 ಡೆಸಿಬಲಿನ ಸ್ಪೀಕರಿಗೆ 40 ವಾಟ್ ಬೇಕು. ಈ ಅಂಕಿ ಸಾಮಾನ್ಯವಾಗಿ ಜೊತೆಗೆ ಬರುವ ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ, ಹುಡುಕಿ ಓದಬೇಕು.

ತಪ್ಪು ಕಲ್ಪನೆ 2: ಮೂಲೆಯಲ್ಲಿ ಒಂದು ದೊಡ್ಡ ಸ್ಪೀಕರ್ ಇಟ್ಟರೆ ಅಂಗಳಕ್ಕೆಲ್ಲ ಸಾಕು

ಸತ್ಯ: ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 1 ಮೀಟರಿನಲ್ಲಿ 83 ಇದ್ದದ್ದು 2 ಮೀಟರಿನಲ್ಲಿ 77, 4 ಮೀಟರಿನಲ್ಲಿ 71, 8 ಮೀಟರಿನಲ್ಲಿ 65. ಅಂಗಳದ ಆಚೆ ತುದಿಯಲ್ಲಿ ಕೂತವರಿಗೆ 65 ಡೆಸಿಬಲ್, ಅಂದರೆ ಹಿತವಾದ ಸಂಗೀತ, ಸಿಗಬೇಕಾದರೆ ಸ್ಪೀಕರಿನ ಹತ್ತಿರ ಕೂತವರು 83 ಡೆಸಿಬಲ್ ಸಹಿಸಬೇಕು. ಆ ಮೂಲೆಗೆ ತಾಗಿದ ಪಕ್ಕದ ಮನೆಯವರೂ ಹೆಚ್ಚುಕಡಿಮೆ ಅಷ್ಟನ್ನೇ ಸಹಿಸಬೇಕು.

ಅದೇ ಅಂಗಳದಲ್ಲಿ ನಾಲ್ಕು ಸಣ್ಣ ಸ್ಪೀಕರುಗಳನ್ನು ಹಂಚಿಟ್ಟು, ಕೂರುವ ಪ್ರತಿಯೊಬ್ಬರಿಗೂ 2 ಮೀಟರಿನೊಳಗೆ ಒಂದು ಸಿಗುವಂತೆ ಮಾಡಿದರೆ ಪ್ರತಿ ಸ್ಪೀಕರೂ 1 ಮೀಟರಿನಲ್ಲಿ 71 ಡೆಸಿಬಲ್ ಕೊಟ್ಟರೆ ಸಾಕು. 83ಕ್ಕೂ 71ಕ್ಕೂ ನಡುವಿನ 12 ಡೆಸಿಬಲ್ ಎಂದರೆ ಪ್ರತಿ ಸ್ಪೀಕರಿಗೆ ಬೇಕಾದ ಶಕ್ತಿಯಲ್ಲಿ 16 ಪಟ್ಟು ಇಳಿಕೆ. ಸ್ಪೀಕರುಗಳ ಮುಖ ಮನೆಯ ಕಡೆಗೆ, ಕೇಳುವವರ ಕಡೆಗೆ ಇರಬೇಕು, ಬೀದಿಯ ಕಡೆಗಲ್ಲ. ಜನ ಎಲ್ಲ ದಿಕ್ಕಿಗೂ ಕೂರುವ ಅಂಗಳದಲ್ಲಿ ಎಡ-ಬಲ ಬೇರೆ ಮಾಡುವ ಸ್ಟೀರಿಯೊ ಅರ್ಧ ಜನಕ್ಕೆ ಅರ್ಧ ಹಾಡನ್ನೇ ತಲುಪಿಸುತ್ತದೆ. ಅಲ್ಲಿಗೆ ಎಲ್ಲ ಸ್ಪೀಕರಿನಲ್ಲೂ ಒಂದೇ ಧ್ವನಿ ಬರುವ ಮೋನೊ ಜೋಡಣೆಯೇ ಮೇಲು.

ದೊಡ್ಡ ಅಂಗಳದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಸ್ಪೀಕರ್ ಪಕ್ಕದಲ್ಲಿದ್ದು ಇನ್ನೊಂದು 17 ಮೀಟರ್ ಹೆಚ್ಚು ದೂರದಲ್ಲಿದ್ದರೆ ಎರಡನೆಯದರ ಸದ್ದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ತಡವಾಗಿ ಬಂದು ಮಾತು ಮಾರ್ದನಿಯಂತೆ ಕಲಸಿಹೋಗುತ್ತದೆ. ದೂರದ್ದು ಜೋರಾಗಿದ್ದಷ್ಟೂ ಈ ತೊಂದರೆ ಹೆಚ್ಚು.

ತಪ್ಪು ಕಲ್ಪನೆ 3: ದೇವಸ್ಥಾನಕ್ಕೆ ಕಟ್ಟುವ ಹಾರ್ನ್ ಮನೆಗೂ ಆಗುತ್ತದೆ

ಸತ್ಯ: ಹಾರ್ನ್ ಇರುವುದು ಮಾತನ್ನು ದೂರಕ್ಕೆ ಎಸೆಯಲು. ಕಡಿಮೆ ವಾಟಿನಲ್ಲಿ ಬಹಳ ಸದ್ದು ಮಾಡುವುದು, ಮಳೆ ಬಿಸಿಲು ತಾಳುವುದು, ಒಂದೇ ದಿಕ್ಕಿಗೆ ಸದ್ದನ್ನು ಕೂಡಿಸುವುದು ಅದರ ಗುಣಗಳು. ಅದರಲ್ಲಿ ತಗ್ಗಿನ ಸ್ವರಗಳು ಬಹುಮಟ್ಟಿಗೆ ಬರುವುದೇ ಇಲ್ಲ. ಮೃದಂಗದ ಎಡಭಾಗದ ನಾದವಾಗಲಿ, ತಂಬೂರಿಯ ಮಂದ್ರವಾಗಲಿ ಹಾರ್ನಿನಲ್ಲಿ ಕೇಳಿಸುವುದಿಲ್ಲ. ಜಾತ್ರೆಗೂ ಪ್ರಕಟಣೆಗೂ ಸರಿಯಾದ ಈ ಸಾಧನ ನಾಲ್ಕು ಜನ ಕೂತು ಹಾಡು ಕೇಳುವ ಜಗಲಿಗೆ ಹೊಂದುವುದಿಲ್ಲ. ಕೋಲಾರದ ಹತ್ತಿರ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಂಸ್ಥೆ ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿನಂಥ ಬಯಲು ಕಾರ್ಯಕ್ರಮಕ್ಕೆ ಬೇಕಾದ ಧ್ವನಿವರ್ಧಕದ ಲೆಕ್ಕವೇ ಬೇರೆ: ಅಲ್ಲಿ ಒಂದು ವೇದಿಕೆಯಿಂದ ದೊಡ್ಡ ಸಭೆಯನ್ನು ಮುಟ್ಟಬೇಕು. ಮನೆಯಲ್ಲಿ ಕೇಳುವವರು ಕೈಗೆಟಕುವಷ್ಟು ಹತ್ತಿರದಲ್ಲಿರುತ್ತಾರೆ.

ತಪ್ಪು ಕಲ್ಪನೆ 4: ಹೊರಗೆ ಬಾಸ್ ಬರಬೇಕಾದರೆ ಸಬ್‌ವೂಫರ್ ಬೇಕೇ ಬೇಕು

ಸತ್ಯ: ತಗ್ಗಿನ ಸ್ವರ ಎಲ್ಲ ದಿಕ್ಕಿಗೂ ಹರಡುತ್ತದೆ. ಕಂಬದ ಮೇಲೆ ಒಂಟಿಯಾಗಿ ನಿಂತ ಸ್ಪೀಕರಿನ ಬಾಸ್ ಬಯಲಿಗೆ ಹಂಚಿಹೋಗುತ್ತದೆ. ಅದೇ ಸ್ಪೀಕರನ್ನು ಗೋಡೆಗೆ ಒತ್ತಿ ಕೂರಿಸಿದರೆ ಹಿಂದಕ್ಕೆ ಹೋಗುವ ಸದ್ದು ಮುಂದಕ್ಕೆ ಮರಳಿ, ತಗ್ಗಿನ ಸ್ವರ 6 ಡೆಸಿಬಲ್‌ವರೆಗೆ ಏರಬಹುದು. ಗೋಡೆ ಮತ್ತು ಸೂರು ಕೂಡುವ ಸಂದಿಯಲ್ಲಿಟ್ಟರೆ ಇನ್ನಷ್ಟು ಏರುತ್ತದೆ. ಬಹಳಷ್ಟು ಜಗಲಿಗಳಿಗೆ ಇಷ್ಟೇ ಸಾಕು. ಇದಕ್ಕೆ ಖರ್ಚೂ ಇಲ್ಲ.

ಕಲ್ಲು ಚಪ್ಪಡಿಯ ಜಗಲಿಯಲ್ಲಿ ಕಷ್ಟ ಬೇರೆ. ಗಟ್ಟಿ ಕಲ್ಲು ಸದ್ದನ್ನು ಹೀರದೆ ಹಿಂದಕ್ಕೆ ಎಸೆಯುವುದರಿಂದ ತಾರಸ್ವರಗಳು ಕಿವಿಗೆ ಚುಚ್ಚುತ್ತವೆ. ಸ್ಪೀಕರನ್ನು ಎದುರು ಗೋಡೆಗೆ ನೇರವಾಗಿ ಹಿಡಿಯದೆ ಸ್ವಲ್ಪ ಕೆಳಕ್ಕೆ ಬಾಗಿಸುವುದು, ಟ್ರೆಬಲ್ ತಗ್ಗಿಸುವುದು, ಚಾಪೆಯನ್ನೋ ದಪ್ಪ ಪರದೆಯನ್ನೋ ಹಾಕುವುದು ಇದಕ್ಕೆ ಪರಿಹಾರ.

ತಪ್ಪು ಕಲ್ಪನೆ 5: ಕೋಲಾರ ಒಣ ಜಿಲ್ಲೆ, ವಾಟರ್‌ಪ್ರೂಫ್ ಸ್ಪೀಕರ್ ಬೇಕಾಗಿಲ್ಲ

ಸತ್ಯ: ವರ್ಷಪೂರ್ತಿ ಹರಿಯುವ ನದಿಯಿಲ್ಲದ, ವರ್ಷಕ್ಕೆ ಸುಮಾರು 700ರಿಂದ 750 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ಇದು. ಆದರೆ ಆ ಮಳೆಯ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರಿನಲ್ಲಿ ರಭಸವಾಗಿ ಸುರಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಾಗ ನವೆಂಬರಿನಲ್ಲೂ ದಿನಗಟ್ಟಲೆ ಜಡಿಮಳೆ ಹಿಡಿಯುತ್ತದೆ. 2021ರ ನವೆಂಬರಿನಲ್ಲಿ ಜಿಲ್ಲೆಯ ಕೆರೆಗಳು ತುಂಬಿ ಕೋಡಿ ಹರಿದವು. ಏಪ್ರಿಲ್, ಮೇ ತಿಂಗಳಲ್ಲಿ ಮಾವು ಉದುರಿಸುವ ಗಾಳಿಮಳೆ ಅಡ್ಡಡ್ಡಲಾಗಿ ಬಡಿದು ಜಗಲಿಯ ಒಳಗೋಡೆಯನ್ನೂ ನೆನೆಸುತ್ತದೆ. ಸೂರಿದ್ದ ಮಾತ್ರಕ್ಕೆ ಸ್ಪೀಕರ್ ಒಣಗಿಯೇ ಇರುವುದಿಲ್ಲ.

ಒಣ ನಾಡಿನ ಇನ್ನೊಂದು ಶತ್ರು ದೂಳು. ಕೆಮ್ಮಣ್ಣಿನ ರಸ್ತೆ, ಮಾಲೂರು ಸುತ್ತಲಿನ ಇಟ್ಟಿಗೆ ಗೂಡು, ಕಲ್ಲು ಕ್ವಾರಿಗಳಿಂದ ಏಳುವ ನುಣುಪು ದೂಳು ಸ್ಪೀಕರಿನ ಸುರುಳಿ ಮತ್ತು ಅಯಸ್ಕಾಂತದ ನಡುವಿನ ಕೂದಲೆಳೆಯಷ್ಟು ಸಂದಿಗೆ ಇಳಿದರೆ ದನಿ ಕರಕರ ಎನ್ನತೊಡಗುತ್ತದೆ. ಈ ಕಾರಣಕ್ಕೆ ಐಪಿ ಅಂಕಿಯನ್ನು ಓದಲು ಬರಬೇಕು. ಐಪಿ ಎಂಬುದರ ಮುಂದಿನ ಮೊದಲ ಅಂಕಿ ದೂಳಿನ ತಡೆ (6 ಎಂದರೆ ದೂಳು ಒಳಹೋಗದು), ಎರಡನೆಯದು ನೀರಿನ ತಡೆ (4 ಎಂದರೆ ಎಲ್ಲ ದಿಕ್ಕಿನಿಂದ ಚಿಮುಕುವ ನೀರು, 5 ಎಂದರೆ ಪೈಪಿನಿಂದ ಬಿಟ್ಟ ನೀರು). ಮೊದಲ ಅಂಕಿಯ ಜಾಗದಲ್ಲಿ ಎಕ್ಸ್ ಇದ್ದರೆ ದೂಳಿನ ತಡೆಗೆ ಅಲ್ಲಿ ಯಾವ ಅಂಕಿಯನ್ನೂ ಕೊಟ್ಟಿಲ್ಲ ಎಂದು ಅರ್ಥ. ಈ ನಾಲ್ಕು ತಾಲ್ಲೂಕುಗಳ ತೆರೆದ ಅಂಗಳಕ್ಕೆ ಐಪಿ 55 ಅಥವಾ ಅದಕ್ಕೆ ಮೇಲಿನದು, ಒಳಜಗಲಿಗೆ ಐಪಿ 54 ಒಪ್ಪುತ್ತದೆ. ಪೆಟ್ಟಿಗೆಯ ಬಾಸ್ ತೂತಿಗೆ ಸಣ್ಣ ಜಾಲರಿ ಇಲ್ಲದಿದ್ದರೆ ಇರುವೆ, ಹಲ್ಲಿ, ಕಣಜಗಳು ಒಳಗೆ ಮನೆ ಮಾಡುತ್ತವೆ.

ತಪ್ಪು ಕಲ್ಪನೆ 6: ಐಪಿ ಅಂಕಿ ಇದ್ದರೆ ಬಿಸಿಲಿಗೂ ಜಗ್ಗದು

ಸತ್ಯ: ಐಪಿ ಪರೀಕ್ಷೆಯಲ್ಲಿ ಬಿಸಿಲು ಸೇರಿಲ್ಲ. ಸೂರ್ಯನ ನೇರಳಾತೀತ ಕಿರಣ ಎಬಿಎಸ್ ಪ್ಲಾಸ್ಟಿಕ್ಕನ್ನು ಹಳದಿಗಟ್ಟಿಸಿ ಪೆಡಸು ಮಾಡುತ್ತದೆ. ಎಎಸ್‌ಎ ಪ್ಲಾಸ್ಟಿಕ್, ಬಣ್ಣ ಬೇಯಿಸಿದ ಅಲ್ಯೂಮಿನಿಯಂ ಹೆಚ್ಚು ಬಾಳುತ್ತವೆ. ಕಾಗದದ ಕೋನಿಗಿಂತ ಪಾಲಿಪ್ರೊಪಿಲೀನ್ ಕೋನ್ ಮೇಲು, ಫೋಮ್ ಅಂಚಿಗಿಂತ ರಬ್ಬರ್ ಅಂಚು ಮೇಲು. ತಿರುಪು ಮತ್ತು ಬ್ರಾಕೆಟ್ ಸ್ಟೇನ್‌ಲೆಸ್ ಸ್ಟೀಲಿನವಾದರೆ ತುಕ್ಕಿನ ಭಯವಿಲ್ಲ.

ಬ್ಯಾಟರಿ ಇರುವ ಸ್ಪೀಕರಿಗೆ ಬಿಸಿಲು ಇನ್ನೂ ಕೆಟ್ಟದ್ದು. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದು. ಗಾಳಿಯ ಉಷ್ಣತೆ 36 ಇದ್ದರೂ ಟೆರೇಸಿನ ಬಿಸಿಲಿಗಿಟ್ಟ ಕಪ್ಪು ಪೆಟ್ಟಿಗೆ ಆ ಮಿತಿಯನ್ನು ಬೇಗ ದಾಟುತ್ತದೆ. ಅಂಥ ಸ್ಪೀಕರನ್ನು ಕೇಳಿದ ಮೇಲೆ ಒಳಗೆ ತಂದಿಡಬೇಕು.

ತಪ್ಪು ಕಲ್ಪನೆ 7: ವೈರ್ ಯಾವುದಾದರೇನು, ಒಂದೇ ಆಂಪ್ಲಿಫೈಯರಿಗೆ ಎಷ್ಟು ಸ್ಪೀಕರ್ ಬೇಕಾದರೂ ಕಟ್ಟಬಹುದು

ಸತ್ಯ: ಆಂಪ್ಲಿಫೈಯರಿನಿಂದ 20 ಮೀಟರ್ ದೂರದ ಸ್ಪೀಕರಿಗೆ ಹೋಗಿಬರುವ ವೈರಿನ ಉದ್ದ 40 ಮೀಟರ್. 0.5 ಚದರ ಮಿಲಿಮೀಟರಿನ ತೆಳು ತಾಮ್ರದ ವೈರಾದರೆ ಅದರ ರೋಧ ಸುಮಾರು ಒಂದೂವರೆ ಓಂ. 8 ಓಂ ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ಗಣನೀಯ ಪಾಲು ವೈರಿನಲ್ಲೇ ಕಳೆದುಹೋಗುತ್ತದೆ. 2.5 ಚದರ ಮಿಲಿಮೀಟರಿನದಾದರೆ ರೋಧ ಸುಮಾರು 0.3 ಓಂಗೆ ಇಳಿಯುತ್ತದೆ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ವೈರ್ ಅಗ್ಗ, ಆದರೆ ರೋಧ ಹೆಚ್ಚು.

8 ಓಂನ ನಾಲ್ಕು ಸ್ಪೀಕರುಗಳನ್ನು ಸಮಾನಾಂತರವಾಗಿ ಕಟ್ಟಿದರೆ ಒಟ್ಟು 2 ಓಂ ಆಗುತ್ತದೆ. 4 ಓಂಗೆ ಮಾಡಿದ ಆಂಪ್ಲಿಫೈಯರ್ ಇದರಿಂದ ಕಾದು ಕೆಡುತ್ತದೆ. ನಾಲ್ಕಕ್ಕಿಂತ ಹೆಚ್ಚು ಸ್ಪೀಕರ್, ಉದ್ದದ ವೈರ್ ಬೇಕಾದ ತೋಟದ ಮನೆಗೆ 100 ವೋಲ್ಟ್ ಲೈನ್ ವ್ಯವಸ್ಥೆ ಸೂಕ್ತ. ಅದರಲ್ಲಿ ಪ್ರತಿ ಸ್ಪೀಕರಿಗೂ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಎಲ್ಲ ಸ್ಪೀಕರುಗಳಿಗೆ ಆರಿಸಿಟ್ಟ ವಾಟುಗಳ ಮೊತ್ತ ಆಂಪ್ಲಿಫೈಯರಿನ ಶಕ್ತಿಗಿಂತ ಕಡಿಮೆ ಇದ್ದರಾಯಿತು. ವೈರನ್ನು ಪೈಪಿನೊಳಗೆ ಎಳೆಯಬೇಕು, ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಹಾಕಬಾರದು, ಸಿಡಿಲಿನ ಮಳೆಯಲ್ಲಿ ಪ್ಲಗ್ ಕಿತ್ತಿಡಬೇಕು. ಕೋಲಾರದ ಅಂತರಗಂಗೆ ಬೆಟ್ಟದ ತಪ್ಪಲಿನಂತೆ ಕೋತಿಗಳ ಓಡಾಟವಿರುವ ಕಡೆ ಪೈಪಿಲ್ಲದ ವೈರ್ ಉಳಿಯುವುದು ಕಷ್ಟ.

ತಪ್ಪು ಕಲ್ಪನೆ 8: ಬ್ಲೂಟೂತ್ ಇದ್ದರೆ ವೈರಿನ ಗೊಡವೆಯೇ ಇಲ್ಲ

ಸತ್ಯ: ಸಾಮಾನ್ಯ ಬ್ಲೂಟೂತಿನ ಹರವು ಅಡ್ಡಿಯಿಲ್ಲದಾಗ ಸುಮಾರು 10 ಮೀಟರ್. ದಪ್ಪ ಕಲ್ಲುಗೋಡೆಯ ಆಚೆಗೆ ಅದು ತೀರಾ ಕುಗ್ಗುತ್ತದೆ. ಧ್ವನಿ ಕ್ಷಣದ ಒಂದು ಪಾಲು ತಡವಾಗಿ ಬರುವುದರಿಂದ ಅಂಗಳದಲ್ಲಿ ಟಿವಿ ಇಟ್ಟು ಕ್ರಿಕೆಟ್ ನೋಡುವಾಗ ಚೆಂಡು ಹೊಡೆದ ಮೇಲೆ ಸದ್ದು ಕೇಳಿಸುತ್ತದೆ. ಇಬ್ಬರು ಮೂವರಿಗೆ, ಎತ್ತಿ ಒಯ್ಯಲು ಅದು ಅನುಕೂಲ. ಸದಾ ಇರಬೇಕಾದ ವ್ಯವಸ್ಥೆಗೆ ವೈರೇ ನಂಬಿಕೆಯದು.

ತಪ್ಪು ಕಲ್ಪನೆ 9: ಸುತ್ತ ಮರಗಳಿದ್ದರೆ ಸದ್ದು ಹೊರಗೆ ಹೋಗದು

ಸತ್ಯ: 10ರಿಂದ 20 ಮೀಟರ್ ದಟ್ಟ ಎಲೆಯ ಸಾಲು ತಡೆಯುವುದು ಒಂದೆರಡು ಡೆಸಿಬಲ್ ಮಾತ್ರ, ಅದೂ ತಾರಸ್ವರಗಳನ್ನು. ಬಾಸಿಗೆ ಎಲೆ ಅಡ್ಡಿಯೇ ಅಲ್ಲ. ಕಾಂಪೌಂಡಿನ ಅಂಚಿನ ನಾಲ್ಕು ಮಾವಿನ ಮರಗಳಿಂದ ಏನೂ ತಗ್ಗುವುದಿಲ್ಲ. ಸ್ಪೀಕರಿಗಿಂತ ಎತ್ತರದ, ಸಂದಿಯಿಲ್ಲದ ಗೋಡೆ ಮಾತ್ರ ಸದ್ದನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಆದ್ದರಿಂದ ಸ್ಪೀಕರನ್ನು ಕಾಂಪೌಂಡಿನ ಮೇಲೆ ಕೂರಿಸುವುದಕ್ಕಿಂತ ಅದರ ಮಟ್ಟಕ್ಕಿಂತ ಕೆಳಗೆ ಇಡುವುದು ಒಳ್ಳೆಯದು.

ರಾತ್ರಿ ಈ ಸಮಸ್ಯೆ ಹೆಚ್ಚುತ್ತದೆ. ಆಕಾಶ ಶುಭ್ರವಾಗಿರುವ ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಮೇಲಿನದು ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೋಗಬೇಕಾದ ಸದ್ದು ನೆಲದ ಕಡೆಗೆ ಬಾಗಿ ದೂರದವರೆಗೆ ಸಾಗುತ್ತದೆ. ಪಕ್ಕದೂರಿನ ಭಜನೆ ಹಗಲಲ್ಲಿ ಕೇಳಿಸದೆ ರಾತ್ರಿ ಕೇಳಿಸುವುದಕ್ಕೆ ಸುತ್ತಲಿನ ಮೌನದ ಜೊತೆಗೆ ಇದೂ ಕಾರಣ.

ತಪ್ಪು ಕಲ್ಪನೆ 10: ನಮ್ಮ ಮನೆ, ನಮ್ಮ ಸ್ಪೀಕರ್, ರಾತ್ರಿ ಹತ್ತರವರೆಗೆ ಯಾರೂ ಕೇಳುವಂತಿಲ್ಲ

ಸತ್ಯ: ಶಬ್ದಮಾಲಿನ್ಯ (ನಿಯಮನ ಮತ್ತು ನಿಯಂತ್ರಣ) ನಿಯಮಗಳು, 2000 ಮತ್ತು ಅವುಗಳ ತಿದ್ದುಪಡಿಗಳು ಖಾಸಗಿ ಮನೆಗೂ ಅನ್ವಯಿಸುತ್ತವೆ. ವಸತಿ ಪ್ರದೇಶದ ಮಿತಿ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡೆಸಿಬಲ್, ಉಳಿದ ಹೊತ್ತು 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಸರ್ಕಾರ ಘೋಷಿಸಿದ 100 ಮೀಟರ್ ನಿಶ್ಶಬ್ದ ವಲಯದಲ್ಲಿ ಅದು 50 ಮತ್ತು 40. ಖಾಸಗಿ ಧ್ವನಿ ವ್ಯವಸ್ಥೆಯ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲಿಗಿಂತ ಹೆಚ್ಚು ಮೀರಬಾರದು. ಅಂದರೆ ಹಗಲಲ್ಲೂ ಕಾಂಪೌಂಡಿನ ಬಳಿ 60ರೊಳಗೆ ಇರಬೇಕು. ರಾತ್ರಿ 10ರ ನಂತರ ಮುಚ್ಚಿದ ಆವರಣದ ಹೊರಗೆ ಧ್ವನಿವರ್ಧಕ ಬಳಸುವುದಕ್ಕೇ ನಿಷೇಧವಿದೆ.

1 ಮೀಟರಿನಲ್ಲಿ 80 ಡೆಸಿಬಲ್ ಕೊಡುವ ಸ್ಪೀಕರ್ 60ಕ್ಕೆ ಇಳಿಯಲು ಬಯಲಿನಲ್ಲಿ 10 ಮೀಟರ್ ದೂರ ಬೇಕು. 30×40 ಅಡಿ ಸೈಟಿನ ಉದ್ದದ ಬದಿಯೇ ಸುಮಾರು 12 ಮೀಟರ್. ಇಂಥ ಮನೆಯಲ್ಲಿ ಕಾನೂನಿಗೂ ನೆರೆಯವರಿಗೂ ಒಪ್ಪುವ ದಾರಿ ಒಂದೇ: ಸಣ್ಣ ಸ್ಪೀಕರ್, ಹತ್ತಿರದ ಜಾಗ, ತಗ್ಗಿದ ದನಿ. ಮೊಬೈಲಿನ ಡೆಸಿಬಲ್ ಆ್ಯಪ್ ನಿಖರವಲ್ಲದಿದ್ದರೂ ಕಾಂಪೌಂಡಿನ ಬಳಿ ನಿಂತು ಅಂದಾಜು ನೋಡಿಕೊಳ್ಳಲು ಸಾಕು. ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ, ಹಸುಗೂಸುಗಳಿರುತ್ತವೆ, ಕಾಯಿಲೆಯಲ್ಲಿ ಮಲಗಿದ ಹಿರಿಯರಿರುತ್ತಾರೆ. ನಿಯಮ ಇರುವುದು ಅವರ ನೆಮ್ಮದಿಗಾಗಿ.

ತಪ್ಪು ಕಲ್ಪನೆ 11: ಅಂಗಡಿಯಲ್ಲಿ ಕೇಳಿ ಚೆನ್ನಾಗಿದ್ದರೆ ಮನೆಯಲ್ಲೂ ಚೆನ್ನಾಗಿರುತ್ತದೆ

ಸತ್ಯ: ಅಂಗಡಿ ಮುಚ್ಚಿದ ಕೋಣೆ. ಅಲ್ಲಿನ ಗೋಡೆಗಳು ಕೊಡುವ ಬಾಸ್ ಅಂಗಳದಲ್ಲಿ ಸಿಗುವುದಿಲ್ಲ. ಸಾಧ್ಯವಾದರೆ ಸ್ಪೀಕರನ್ನು ಅಂಗಡಿಯ ಹೊರಗೆ, ಬೀದಿಯ ಸದ್ದು ಕಡಿಮೆ ಇರುವ ಹೊತ್ತಿನಲ್ಲಿ, ಎರಡು ಮೂರು ಮೀಟರ್ ದೂರ ನಿಂತು ಕೇಳಬೇಕು. ದಿನವೂ ಕೇಳುವ ಪರಿಚಿತ ಹಾಡನ್ನೇ ಹಾಕಿಸಬೇಕು, ದನಿಯನ್ನು ಮನೆಯಲ್ಲಿ ಇಡುವಷ್ಟಕ್ಕೇ ಇಡಬೇಕು. ಅಂಗಡಿಗೆ ಹೋಗುವ ಮೊದಲು ಅಂಗಳದ ಉದ್ದಗಲ, ಜನ ಕೂರುವ ಜಾಗ, ಕಾಂಪೌಂಡಿನ ದೂರ, ಕರೆಂಟಿನ ಪಾಯಿಂಟ್ ಇವನ್ನು ಚೀಟಿಯಲ್ಲಿ ಬರೆದುಕೊಂಡಿರಬೇಕು. ಅಲ್ಲಿ ಕೇಳಬೇಕಾದವು ಐದು: ಆರ್‌ಎಂಎಸ್ ವಾಟ್, ಸೆನ್ಸಿಟಿವಿಟಿ, ಓಂ, ಐಪಿಯ ಎರಡೂ ಅಂಕಿ, ಬಿಸಿಲಿನ ಹಾನಿಗೂ ವಾರಂಟಿ ಇದೆಯೇ ಎಂಬುದು. ಈ ಐದಕ್ಕೂ ಉತ್ತರ ಸಿಗದ ಸ್ಪೀಕರನ್ನು ಅಂಗಳಕ್ಕೆ ಕೊಳ್ಳಬಾರದು.