ಆಸ್ಪತ್ರೆಯಲ್ಲಿ ದಿಕ್ಕು ತಪ್ಪುವ ಮಿದುಳು

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿ ಎರಡನೇ ರಾತ್ರಿ ಡ್ರಿಪ್ ಸೂಜಿ ಕಿತ್ತೆಸೆಯುತ್ತಾರೆ. ಮಗಳನ್ನೇ 'ನೀನ್ಯಾರು?' ಎನ್ನುತ್ತಾರೆ. ಬೆಳಿಗ್ಗೆ ಮಾತು ಸರಿಯಿರುತ್ತದೆ, ಸಂಜೆಯಾದರೆ ಮತ್ತದೇ. 'ಅರಳು ಮರಳು ಶುರುವಾಯಿತು' ಎಂದು ಮನೆಯವರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗುವುದೇ ಅಪಾಯ. ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲನೆ ಆವರಿಸುತ್ತದೆ. ಗಂಟೆ, ದಿನಗಳಲ್ಲಿ ಬಂದು ಏರಿಳಿಯುವ ಇದು ಸನ್ನಿ; ವೈದ್ಯರ ಮಾತಿನಲ್ಲಿ ಡೆಲಿರಿಯಂ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಇಳಿದ ಸೋಡಿಯಂ, ತಡೆಯಲಾರದ ನೋವು, ಮಲಬದ್ಧತೆ, ಹೀಗೆ ಏನೋ ಒಂದು ಹಿಂದೆ ಅಡಗಿರುತ್ತದೆ.

ಸನ್ನಿಯಲ್ಲಿ ಮುಖ್ಯವಾಗಿ ಚದುರುವುದು ಗಮನ. ಆ ಗಮನವನ್ನು ಒಂದೆಡೆ ಹಿಡಿದು ನಿಲ್ಲಿಸುವುದರಲ್ಲಿ ಅಸಿಟೈಲ್‌ಕೊಲಿನ್ ಎಂಬ ರಾಸಾಯನಿಕದ ಪಾತ್ರ ದೊಡ್ಡದು. 1921ರಲ್ಲಿ ಆಟ್ಟೊ ಲೊವಿ ಕಪ್ಪೆಯ ಹೃದಯದ ಪ್ರಯೋಗದಿಂದ ಪತ್ತೆಹಚ್ಚಿದ ನರಸಂದೇಶವಾಹಕ ಇದೇ. ವಯಸ್ಸಾದಂತೆ ಇದರ ವ್ಯವಸ್ಥೆ ಸೊರಗುತ್ತದೆ. ಅದರ ಮೇಲೆ ಸೋಂಕಿನ, ಶಸ್ತ್ರಚಿಕಿತ್ಸೆಯ ಉರಿಯೂತ ಮಿದುಳನ್ನೂ ತಟ್ಟಿದಾಗ ಅಸಿಟೈಲ್‌ಕೊಲಿನ್ ಕುಗ್ಗಿ ಡೋಪಮಿನ್ ಎಂಬ ಇನ್ನೊಂದು ನರಸಂದೇಶವಾಹಕದ ಕೈ ಮೇಲಾಗುತ್ತದೆ ಎಂಬುದು ವಿಜ್ಞಾನಿಗಳ ಮುಖ್ಯ ವಾದಗಳಲ್ಲೊಂದು.

ಈ ವಾದಕ್ಕೆ ಬಲ ಕೊಡುವ ಸಾಕ್ಷಿ ನಮ್ಮ ಬೇಲಿ ಸಾಲಿನಲ್ಲೇ ಇದೆ. ದತ್ತೂರಿ ಬೀಜ ತಿಂದವರಿಗೆ ಬಾಯಿ ಒಣಗುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ. ಇಲ್ಲದ ವಸ್ತುವನ್ನು ಹಿಡಿಯಲು ಗಾಳಿಯಲ್ಲಿ ಕೈಯಾಡಿಸುತ್ತಾರೆ. ಅದರಲ್ಲಿರುವ ಅಟ್ರೊಪಿನ್, ಸ್ಕೊಪೊಲಮಿನ್‌ಗಳು ಅಸಿಟೈಲ್‌ಕೊಲಿನ್ ಕೂರಬೇಕಾದ ಜಾಗದಲ್ಲಿ ತಾವೇ ಕೂತುಬಿಡುತ್ತವೆ. ನೆಗಡಿಗೆ ನುಂಗುವ ಕ್ಲೋರ್‌ಫೆನಿರಮಿನ್, ನರದ ನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಹಿಡಿತಕ್ಕೆ ಬಳಸುವ ಆಕ್ಸಿಬ್ಯುಟಿನಿನ್ ಮಾಡುವುದೂ ಸೌಮ್ಯವಾಗಿ ಅದನ್ನೇ. ಹರೆಯದವರಿಗೆ ತೂಕಡಿಕೆ ತರಿಸಿ ಮುಗಿಯುವ ಮಾತ್ರೆ ಎಂಬತ್ತರವರ ಪ್ರಜ್ಞೆಯನ್ನೇ ಕಲಕಬಹುದು. ಹಿರಿಯರನ್ನು ದಾಖಲಿಸುವಾಗ ಅವರು ನುಂಗುವ ಮಾತ್ರೆಗಳೆಲ್ಲವನ್ನೂ, ಅಂಗಡಿಯಿಂದ ತಾವೇ ತಂದುಕೊಂಡದ್ದನ್ನೂ ಸೇರಿಸಿ, ವೈದ್ಯರ ಮುಂದಿಡಿ. ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ. ಬಹುಕಾಲದ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೂ ಸನ್ನಿ ಬರಬಹುದು.

ಹಾಗಿದ್ದರೆ ಅಸಿಟೈಲ್‌ಕೊಲಿನ್ ಏರಿಸುವ ಔಷಧ ಕೊಟ್ಟರಾಯಿತಲ್ಲ? ನೆದರ್‌ಲ್ಯಾಂಡ್ಸ್‌ನ ಐಸಿಯುಗಳಲ್ಲಿ ರಿವಾಸ್ಟಿಗ್ಮಿನ್ ಕೊಟ್ಟು ನೋಡಿದರು. ಔಷಧ ಪಡೆದವರಲ್ಲೇ ಸಾವು ಹೆಚ್ಚು ಕಂಡು ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಡೋಪಮಿನ್ ತಡೆಯುವ ಹ್ಯಾಲೊಪೆರಿಡಾಲ್ ಐಸಿಯು ರೋಗಿಗಳ ಸನ್ನಿಯನ್ನು ಬೇಗ ಮುಗಿಸಲಿಲ್ಲ ಎಂದು 2018ರ ಅಮೆರಿಕದ ದೊಡ್ಡ ಅಧ್ಯಯನ ತಿಳಿಸಿತು. ಮಿದುಳಿನ ರಸಾಯನ ಅಷ್ಟು ಸರಳವಾಗಿಲ್ಲ.

ಕೈ ಹಿಡಿದದ್ದು ಆರೈಕೆ. ಯೇಲ್ ವಿಶ್ವವಿದ್ಯಾಲಯದ ಶ್ಯಾರನ್ ಇನೂಯೆ ಮತ್ತು ಸಂಗಡಿಗರು ಎಪ್ಪತ್ತು ದಾಟಿದ 852 ರೋಗಿಗಳನ್ನು ಗಮನಿಸಿ 1999ರಲ್ಲಿ ವರದಿ ಮಾಡಿದರು. ಕನ್ನಡಕ, ಶ್ರವಣಯಂತ್ರ ಕೈಗೆಟುಕುವಂತಿಟ್ಟರು, ಆಗಾಗ ನೀರು ಕುಡಿಸಿದರು, ನಡೆದಾಡಿಸಿದರು, ದಿನ ಯಾವುದು, ಊರು ಯಾವುದು ಎಂದು ಮಾತಾಡಿಸಿದರು, ರಾತ್ರಿ ಗದ್ದಲ ತಗ್ಗಿಸಿ ನಿದ್ದೆ ಕಾಪಾಡಿದರು. ಎಂದಿನ ಆರೈಕೆ ಪಡೆದವರಲ್ಲಿ ಶೇ. 15 ಮಂದಿಗೆ ಸನ್ನಿ ಬಂದರೆ, ಹೀಗೆ ನೋಡಿಕೊಂಡವರಲ್ಲಿ ಅದು ಶೇ. 9.9 ಮಾತ್ರ.

ಕೂಗಾಡುವವರನ್ನಾದರೂ ಎಲ್ಲರೂ ಗಮನಿಸುತ್ತಾರೆ. ಕರೆದರೂ ತಡವಾಗಿ ಕಣ್ಣು ಬಿಡುತ್ತ, ಊಟ ಮುಟ್ಟದೆ ಮಂಕಾಗಿ ಮಲಗಿರುವವರ ಸನ್ನಿ ತಪ್ಪಿಹೋಗುತ್ತದೆ, 'ಪಾಪ, ಸುಸ್ತಾಗಿದೆ' ಎಂದುಬಿಡುತ್ತಾರೆ. ಅವರು ಮೊನ್ನೆವರೆಗೆ ಹೇಗಿದ್ದರೆಂದು ಪಾಳಿಯ ನರ್ಸಿಗೆ ಗೊತ್ತಿರುವುದಿಲ್ಲ, ಜೊತೆಗಿರುವ ಮಗನಿಗೋ ಸೊಸೆಗೋ ಗೊತ್ತಿರುತ್ತದೆ. 'ಇವರು ಹೀಗಿರಲಿಲ್ಲ, ನಿನ್ನೆಯಿಂದ ಬದಲಾಗಿದ್ದಾರೆ' ಎಂಬ ಮಾತನ್ನು ಬೆಳಗಿನ ರೌಂಡ್ಸ್‌ವರೆಗೆ ಕಾಯದೆ ಆ ಕ್ಷಣವೇ ಹೇಳಬೇಕು.