ಅಪ್ಪನ ಗಾಡಿ ಮತ್ತೆ ಓಡೀತೇ?

ನಮ್ಮ ಸಂಘದಲ್ಲಿ ಹೂವು ಮಾರುವ ಅಕ್ಕ ಒಬ್ಬಳಿದ್ದಾಳೆ. ಅವಳಿಗೆ ಅಪ್ಪನಿಂದ ಒಂದು ಗಾಡಿ ಬಂತು. 2010ರಲ್ಲಿ ಕೊಂಡ ಟಿ.ವಿ.ಎಸ್. ಎಕ್ಸ್‌ಎಲ್. ಅಪ್ಪ 2023ರಲ್ಲಿ ತೀರಿಕೊಂಡರು. ಅಂದಿನಿಂದ ಗಾಡಿ ಕೊಟ್ಟಿಗೆಯಲ್ಲೇ ನಿಂತಿತ್ತು. ಸೀಟಿನ ಮೇಲೆ ಕೋಳಿ ಕೂರುತ್ತಿತ್ತು.

ಅಕ್ಕ ದಿನಾ ಪೇಟೆಗೆ ಹೋಗಬೇಕು. ಮೊದಲ ಬಸ್ಸು ಏಳು ಗಂಟೆಗೆ. ಅಷ್ಟು ಹೊತ್ತಿಗೆ ಒಳ್ಳೇ ಗಿರಾಕಿಗಳು ಹೋಗಿರುತ್ತಾರೆ. ಆಟೋ ಮಾಡಿದರೆ ಕೈಯಲ್ಲಿ ಕಾಸು ಉಳಿಯದು. ಗುಜರಿಯವನು ಬಂದು, "ಎರಡು ಸಾವಿರ ಕೊಡ್ತೀನಿ, ಕೊಟ್ಬಿಡಿ" ಅಂದ. ಅಕ್ಕನಿಗೆ ಮನಸ್ಸಾಗಲಿಲ್ಲ. ನಾವೂ ಬೇಡ ಅಂದೆವು.

ನಮ್ಮೂರಲ್ಲಿ ಮೆಕ್ಯಾನಿಕ್ ಇಲ್ಲ. ಒಂದು ಪಂಕ್ಚರ್ ಅಂಗಡಿ ಇದೆ, ಅಷ್ಟೆ. ನಮ್ಮೂರಿನ ಹುಡುಗನೊಬ್ಬ ಬೆಂಗಳೂರಿನ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಫೋನ್ ಮಾಡಿದೆವು.

"ತಮ್ಮಾ, ಗಾಡಿ ಸ್ಟಾರ್ಟ್ ಆಗ್ತಿಲ್ಲ ಕಣಪ್ಪ" ಅಂದಳು ಅಕ್ಕ.

"ಅಷ್ಟೇ ಹೇಳಿದ್ರೆ ಹೆಂಗಕ್ಕ? ಹುಷಾರಿಲ್ಲ ಅಂದ್ರೆ ಡಾಕ್ಟ್ರು ಔಷಧಿ ಕೊಡ್ತಾರಾ? ಜ್ವರಾನೋ, ಹೊಟ್ಟೆನೋವೋ ಹೇಳ್ಬೇಕಲ್ಲ?" ಅಂದ ಅವನು.

ಮಾತು ನಿಜ. ದೂರದಲ್ಲಿ ಇರುವವನಿಗೆ ಗಾಡಿ ಕಾಣುವುದಿಲ್ಲ. ನಾವು ಹೇಳಿದಷ್ಟೇ ಅವನಿಗೆ ಗೊತ್ತು. ಅದಕ್ಕೆ ನಾವು ನೋಟ್‌ಬುಕ್ ಹಿಡಿದು ಕೂತೆವು. ಯಾವ ಗಾಡಿ? ಯಾವ ವರ್ಷದ್ದು? ಎಷ್ಟು ದಿನದಿಂದ ನಿಂತಿದೆ? ಟ್ಯಾಂಕಿನಲ್ಲಿ ಎಂದಿನ ಪೆಟ್ರೋಲು? ತುಳಿದಾಗ ಎಂಥ ಸದ್ದು ಬರುತ್ತದೆ? ಎಲ್ಲವನ್ನೂ ಅಕ್ಕನೇ ಬರೆದಳು. 'ಕಾರ್ಬುರೇಟರ್' ಎಂಬ ಒಂದು ಪದಕ್ಕೆ ಮಾತ್ರ ನಾವೆಲ್ಲ ಸೇರಿ ತಿಣುಕಿದೆವು. ಆ ಹಾಳೆಯ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆವು.

ಸಂಜೆ ಹುಡುಗ ವಿಡಿಯೋ ಕಾಲ್ ಮಾಡಿದ. ಎಂಜಿನ್ ಅಂದರೆ ಒಲೆ ಇದ್ದ ಹಾಗೆ ಅಂದ. ಒಲೆಗೆ ಸೌದೆ, ಗಾಳಿ, ಬೆಂಕಿಕಡ್ಡಿ ಬೇಕು. ಎಂಜಿನ್‌ಗೆ ಪೆಟ್ರೋಲು, ಗಾಳಿ, ಕಿಡಿ ಬೇಕು. ಕಿಡಿ ಕೊಡುವುದು ಪ್ಲಗ್ಗು. ಪಂಕ್ಚರ್ ಅಂಗಡಿಯ ಅಣ್ಣ ಪಾನಾ ಹಾಕಿ ಪ್ಲಗ್ಗು ಬಿಚ್ಚಿದ. ಅಷ್ಟು ತುಳಿದ ಮೇಲೂ ಅದು ಒಣಗಿತ್ತು.

ಒದ್ದೆ ಇದ್ದಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಸರಿ ಇಲ್ಲ ಎನ್ನಬಹುದಿತ್ತು. ಒಣಗಿದೆ ಎಂದರೆ ಪೆಟ್ರೋಲೇ ಬರುತ್ತಿಲ್ಲ. ಯಾಕೆ? ಪೆಟ್ರೋಲು ಬಹಳ ದಿನ ನಿಂತರೆ ಕೆಡುತ್ತದೆ. ಅಂಟಿನ ಹಾಗಾಗಿ ಕಾರ್ಬುರೇಟರಿನ ಸಣ್ಣ ತೂತಿನಲ್ಲಿ ಕೂರುತ್ತದೆ. ಆ ತೂತು ಸೂಜಿಯಷ್ಟು ಸಣ್ಣದು. ಅದಕ್ಕೆ ತಂತಿ ಹಾಕಿ ಚುಚ್ಚಬಾರದು. ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಆಮೇಲೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯಿಂದಲೇ ಊದಿಸಿದೆವು. ಹಳೇ ಪೆಟ್ರೋಲು ತೆಗೆಸಿದೆವು. ಈ ಕೆಲಸವನ್ನು ಬಯಲಲ್ಲೇ ಮಾಡಬೇಕು. ಹತ್ತಿರ ಒಲೆ, ಬೀಡಿ ಇರಬಾರದು.

ಹುಡುಗ ಇನ್ನೊಂದು ಮಾತು ಹೇಳಿದ. ಅದನ್ನು ನಾವು ದಪ್ಪಕ್ಷರದಲ್ಲಿ ಬರೆದುಕೊಂಡೆವು. ಈಗಿನ ಎಕ್ಸ್‌ಎಲ್ 100 ಗಾಡಿಗೆ ಬರೀ ಪೆಟ್ರೋಲು ಸಾಕು. ಅಪ್ಪನ ಗಾಡಿಗೆ ಸಾಲದು. ಪೆಟ್ರೋಲಿಗೆ ಟು-ಟಿ ಎಣ್ಣೆ ಬೆರೆಸಬೇಕು. ಬೆರೆಸದಿದ್ದರೆ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆಗ ಗಾಡಿ ಗುಜರಿಗೇ. ಎಷ್ಟು ಬೆರೆಸಬೇಕು ಎಂಬುದು ಆಯಾ ಗಾಡಿಯ ಪುಸ್ತಕದಲ್ಲಿ ಇರುತ್ತದೆ. 50ಕ್ಕೆ 1 ಎಂದು ಬರೆದಿದ್ದರೆ ಒಂದು ಲೀಟರಿಗೆ 20 ಮಿ.ಲೀ. ಎಣ್ಣೆ.

ಏಳನೇ ಸಲ ತುಳಿದಾಗ ಗಾಡಿ ಹೊಗೆ ಬಿಟ್ಟು ಕೂಗಿತು. ಕೋಳಿಗಳು ದಿಕ್ಕಾಪಾಲು! ಆದರೆ ರಸ್ತೆಗೆ ಇಳಿಸಲಿಲ್ಲ. ಟೈರು ಬಿರುಕು ಬಿಟ್ಟಿತ್ತು. ಬ್ರೇಕಿನ ತಂತಿ ತುಕ್ಕು ಹಿಡಿದಿತ್ತು. ಎರಡನ್ನೂ ಬದಲಿಸಿದೆವು.

ಸಾಮಾನು ಕೊಳ್ಳುವಾಗ ಜೋಪಾನ. ಪಕ್ಕದೂರಿನ ಒಬ್ಬಾಕೆಗೆ ಯಾರೋ ಫೋನಿನಲ್ಲಿ, "ಹಳೇ ಗಾಡಿ ಸಾಮಾನು ಕಳಿಸ್ತೀವಿ, ಮೊದಲು ದುಡ್ಡು ಹಾಕಿ" ಅಂದರು. ಹಾಕಿದಳು. ಸಾಮಾನೂ ಇಲ್ಲ, ದುಡ್ಡೂ ಇಲ್ಲ. ಹೀಗಾದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕು. ಫೋನಿಗೆ ಬರುವ ಓ.ಟಿ.ಪಿ. ಯಾರಿಗೂ ಹೇಳಬಾರದು.

ಇನ್ನು ಕಾಗದಪತ್ರ. ಇಲ್ಲಿ ನಾವು ಎಡವಿದ್ದೆವು. ಗಾಡಿಯ ಯಜಮಾನರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರಂ 31ರಲ್ಲಿ ಅರ್ಜಿ ಕೊಡಬೇಕು. ಜೊತೆಗೆ ಮರಣ ಪತ್ರ, ಆರ್.ಸಿ., ವಿಮೆ ಇರಬೇಕು. ನಮಗೆ ಇದು ತಿಳಿದಿರಲಿಲ್ಲ. "ಗಾಡಿ ಅಂದ್ರೆ ಗಂಡುಮಕ್ಕಳಿಗೆ" ಎಂದು ಕೆಲವರು ಅಂದರು. ಹಾಗೇನಿಲ್ಲ. ಅಪ್ಪನ ಆಸ್ತಿಗೆ ಮಗಳೂ ವಾರಸುದಾರಳೇ. ಅಕ್ಕನ ಅಣ್ಣ ಒಪ್ಪಿಗೆ ಬರೆದುಕೊಟ್ಟ.

ಆರ್.ಸಿ. ಅವಧಿ 15 ವರ್ಷ. ಅದೂ 2025ಕ್ಕೆ ಮುಗಿದಿತ್ತು. ಕಚೇರಿಯವರು ಗಾಡಿ ನೋಡಿ, ಸರಿ ಇದ್ದರೆ ಇನ್ನೂ ಐದು ವರ್ಷಕ್ಕೆ ನವೀಕರಿಸುತ್ತಾರೆ. ತಡವಾದ ಅರ್ಜಿಯನ್ನು ಅಕ್ಕ ತಾನೇ ತುಂಬಿ ಕೊಟ್ಟು ಬಂದಿದ್ದಾಳೆ. ಕಲಿಕೆಯ ಲೈಸೆನ್ಸಿಗೂ ಬರೆದಿದ್ದಾಳೆ.

ಕಾಗದ ಬರುವ ತನಕ ಗಾಡಿ ಕೊಟ್ಟಿಗೆಯಲ್ಲೇ ಇದೆ. ದಿನಾ ಸಂಜೆ ಅಕ್ಕ ಅದನ್ನು ಅಂಗಳಕ್ಕೆ ತಂದು ಒಮ್ಮೆ ಸ್ಟಾರ್ಟ್ ಮಾಡಿ ನೋಡುತ್ತಾಳೆ.